ಸೀಟಿ ಹಿಡಿಯುವ ಮೊದಲು: ಊರ ಫುಟ್‌ಬಾಲ್‌ಗೆ ರೆಫ್ರಿಯಾಗುವುದು ಹೇಗೆ

ವಿಶ್ವಕಪ್ ಬಂದ ವರ್ಷ ಮಲೆನಾಡಿನ ಊರುಗಳಲ್ಲೂ ಚೆಂಡು ಉರುಳುತ್ತದೆ. 2026ರ ವಿಶ್ವಕಪ್ ಜೂನ್ 11ರಿಂದ ಜುಲೈ 19ರವರೆಗೆ, ಅಂದರೆ ನಮ್ಮಲ್ಲಿ ನಡು ಮುಂಗಾರಿಗೆ. ರಾತ್ರಿ ಟಿವಿ ನೋಡಿದ ಹುಡುಗರು ಬೆಳಗಾದರೆ ಕೆಸರುಗದ್ದೆಯಂಥ ಮೈದಾನಕ್ಕೆ ಇಳಿಯುತ್ತಾರೆ. ಮಳೆ ಬಿಟ್ಟ ಮೇಲೆ ಶಿವಮೊಗ್ಗ, ಭದ್ರಾವತಿ, ಸಾಗರ, ತೀರ್ಥಹಳ್ಳಿ ಕಡೆ ಟೂರ್ನಮೆಂಟ್ ಮಾತು ಶುರುವಾಗುತ್ತದೆ. ತಂಡ ಸಿಗುತ್ತದೆ, ಕಪ್ಪಿಗೆ ದಾನಿ ಸಿಗುತ್ತಾರೆ, ಮೈಕ್ ಸೆಟ್ಟಿನವನೂ ಸಿಗುತ್ತಾನೆ. ಸಿಗದವನು ರೆಫ್ರಿ. ಕೊನೆಗೆ ಪಿ.ಟಿ. ಮೇಷ್ಟ್ರನ್ನೋ, ಮಂಡಿ ನೋವಿಗೆ ಆಟ ಬಿಟ್ಟ ಹಳೇ ಆಟಗಾರನನ್ನೋ ಹಿಡಿದು ತಂದು ಕೈಗೆ ಸೀಟಿ ಕೊಡುತ್ತಾರೆ.

ಸಂಬಳವಿಲ್ಲದ ಈ ಕೆಲಸವನ್ನು ಕ್ರಮವಾಗಿ ಕಲಿಯಬಹುದು. ನಿಯಮ ಬಾಯಿಪಾಠ ಮಾಡಿದರೆ ಸಾಕೆಂದು ಹೊಸಬರು ಅಂದುಕೊಳ್ಳುತ್ತಾರೆ. ಅದು ಅರ್ಧ ಕೆಲಸ. ಊರ ಮೈದಾನದಲ್ಲಿ ತಪ್ಪು ತೀರ್ಪು ಬರುವುದು ಹೆಚ್ಚಾಗಿ ನಿಯಮ ಗೊತ್ತಿಲ್ಲದೆ ಅಲ್ಲ, ನಿಂತ ಜಾಗದಿಂದ ಸರಿಯಾಗಿ ಕಾಣದೆ.

## ಹದಿನೇಳು ನಿಯಮ, ಓದುವ ಕ್ರಮ ಬೇರೆ

ಫುಟ್‌ಬಾಲಿನ ನಿಯಮ ಬರೆಯುವುದು ಐಫ್ಯಾಬ್ ಎಂಬ ಅಂತರರಾಷ್ಟ್ರೀಯ ಮಂಡಳಿ, ಹುಟ್ಟಿದ್ದು 1886ರಲ್ಲಿ. ನಿಯಮಗಳು ಒಟ್ಟು 17. ಪುಸ್ತಕ ಅದರ ವೆಬ್‌ಸೈಟಿನಲ್ಲೂ ಆ್ಯಪ್‌ನಲ್ಲೂ ಪುಕ್ಕಟೆ ಸಿಗುತ್ತದೆ. ಮೊದಲ ಪುಟದಿಂದ ಹಿಡಿದರೆ ಗೆರೆಯ ಅಗಲ, ಚೆಂಡಿನ ತೂಕದಲ್ಲೇ ಆಸಕ್ತಿ ಬತ್ತಿಹೋಗುತ್ತದೆ. ಮೊದಲು 12ನೆಯದು (ಫೌಲ್), ಆಮೇಲೆ 11 (ಆಫ್‌ಸೈಡ್), ನಂತರ 5 (ರೆಫ್ರಿಯ ಅಧಿಕಾರ) ಓದಿ. ಅಲ್ಲಿಂದ 13ರಿಂದ 17ರವರೆಗೆ: ಫ್ರೀ ಕಿಕ್, ಪೆನಾಲ್ಟಿ, ಥ್ರೋ, ಗೋಲ್ ಕಿಕ್, ಕಾರ್ನರ್. ಉಳಿದವು ಮೈದಾನದಲ್ಲಿ ಟೇಪು ಹಿಡಿದು ಅಳೆಯುವಾಗ ತಾವಾಗಿ ನೆನಪಿಗೆ ಕೂರುತ್ತವೆ.

ಪ್ರತಿ ವರ್ಷ ಜುಲೈ 1ರಿಂದ ಹೊಸ ಆವೃತ್ತಿ ಜಾರಿಗೆ ಬರುತ್ತದೆ. ಹಳೇ ಆಟಗಾರರು ಎಡವುವುದು ಇಲ್ಲೇ. ಗೋಲಿ (ಗೋಲ್‌ಕೀಪರ್) ಚೆಂಡನ್ನು ಕೈಯಲ್ಲಿ 6 ಸೆಕೆಂಡಿಗಿಂತ ಹೆಚ್ಚು ಇಟ್ಟುಕೊಂಡರೆ ಇನ್‌ಡೈರೆಕ್ಟ್ ಫ್ರೀ ಕಿಕ್ ಎಂದು ಅವರು ಕಲಿತಿರುತ್ತಾರೆ. 2025ರ ಜುಲೈಯಿಂದ ಅದು 8 ಸೆಕೆಂಡ್. ಮೀರಿದರೆ ಎದುರಾಳಿಗೆ ಕಾರ್ನರ್. ಕೊನೆಯ 5 ಸೆಕೆಂಡನ್ನು ರೆಫ್ರಿ ಕೈಯೆತ್ತಿ, ಬೆರಳು ಮಡಚುತ್ತ ಎಲ್ಲರಿಗೂ ಕಾಣುವಂತೆ ಎಣಿಸಬೇಕು.

ಊರ ಆಟ, ಮಕ್ಕಳ ಆಟಕ್ಕೆ ಅದೇ ಪುಸ್ತಕದಲ್ಲಿ ಸಡಿಲಿಕೆಗಳಿವೆ. ಚಿಕ್ಕ ಮೈದಾನ, ಚಿಕ್ಕ ಚೆಂಡು, 45ರ ಬದಲು 20 ಅಥವಾ 30 ನಿಮಿಷದ ಎರಡು ಸಮಭಾಗ, ಹೊರಗೆ ಹೋದ ಆಟಗಾರ ಮತ್ತೆ ಒಳಗೆ ಬರುವ ಅವಕಾಶ, ಇವನ್ನೆಲ್ಲ ರಾಷ್ಟ್ರೀಯ ಒಕ್ಕೂಟದ ಒಪ್ಪಿಗೆಯ ಮೇಲೆ ಬಳಸಬಹುದು. ಏನೇ ಸಡಿಲಿಸಿದರೂ ಎರಡೂ ತಂಡಕ್ಕೆ ಆಟ ಶುರುವಾಗುವ ಮೊದಲೇ ಗೊತ್ತಿರಬೇಕು. ಮಧ್ಯದಲ್ಲಿ ಹೊಸ ರೂಲ್ಸ್ ತಂದರೆ ಅಲ್ಲಿಗೆ ಜಗಳ ಖಾಯಂ.

## ಫೌಲ್‌ಗೆ ಮೂರು ಮೆಟ್ಟಿಲು

ಮೈ ತಾಗಿದ್ದೆಲ್ಲ ಫೌಲ್ ಅಲ್ಲ. ಫುಟ್‌ಬಾಲಿನಲ್ಲಿ ಭುಜಕ್ಕೆ ಭುಜ ಕೊಟ್ಟು ಚೆಂಡಿಗೆ ಸೆಣಸಬಹುದು. ಒದ್ದದ್ದು, ಎಡವಿಸಿದ್ದು, ತಳ್ಳಿದ್ದು, ಮೇಲೆ ಬಿದ್ದದ್ದು ಯಾವ ಬಗೆಯದೆಂದು ರೆಫ್ರಿ ಅಳೆಯುತ್ತಾನೆ. ಆಗುಂಬೆ ಘಾಟಿಯ ತಿರುವಿನಲ್ಲಿ ಬೈಕ್ ಓಡಿಸುವವನನ್ನು ನೆನೆದುಕೊಂಡರೆ ಲೆಕ್ಕ ಸುಲಭ. ಹಾರ್ನ್ ಮಾಡದೆ ಬಂದು ತಾಗಿಸಿದವನದು ಅಜಾಗರೂಕತೆ: ಫೌಲ್ ಅಷ್ಟೇ, ಕಾರ್ಡಿಲ್ಲ. ಎದುರಿನವನಿಗೆ ಅಪಾಯವಾದೀತೆಂಬ ಗೊಡವೆಯೇ ಇಲ್ಲದೆ ತಿರುವಿನಲ್ಲಿ ಓವರ್‌ಟೇಕ್ ಮಾಡಿದವನದು ದುಡುಕು: ಹಳದಿ ಕಾರ್ಡ್, ಅಂದರೆ ಎಚ್ಚರಿಕೆ. ಎದುರಿನವನ ಕೈಕಾಲು ಮುರಿಯುವ ವೇಗದಲ್ಲಿ ನುಗ್ಗಿದವನದು ಮಿತಿಮೀರಿದ ಬಲ: ಕೆಂಪು, ಅಂದರೆ ಆಟದಿಂದಲೇ ಹೊರಗೆ. ಗಮನಿಸಿ, "ಬೇಕಂತಲೇ ಮಾಡಿದ್ದಾ" ಎಂಬ ಪ್ರಶ್ನೆ ಈ ಅಳತೆಯಲ್ಲಿಲ್ಲ. "ಸರ್, ಬೇಕಂತ ಮಾಡಿಲ್ಲ" ಎಂದು ಆಟಗಾರ ಹೇಳುವುದು ನಿಜವೇ ಇರಬಹುದು. ಫೌಲ್ ಆದರೂ ಫೌಲೇ.

ಹ್ಯಾಂಡ್‌ಬಾಲ್‌ನ ತರ್ಕ ಬೇರೆ. ಚೆಂಡು ಕೈಗೆ ಬಡಿದ ಮಾತ್ರಕ್ಕೆ ತಪ್ಪಲ್ಲ. ಬೇಕೆಂದೇ ಮುಟ್ಟಿದ್ದರೆ, ಇಲ್ಲವೇ ಆ ಹೊತ್ತಿನ ಮೈಚಲನೆಗೆ ಅಗತ್ಯವಿಲ್ಲದಷ್ಟು ಕೈ ಚಾಚಿ ಮೈಯನ್ನು ದೊಡ್ಡದು ಮಾಡಿಕೊಂಡಿದ್ದರೆ ತಪ್ಪು. ಹೊಡೆದವನ ಕೈಗೇ ತಾಗಿ ಚೆಂಡು ನೇರ ಗೋಲಿಗೆ ಹೋದರೆ, ಅಕಸ್ಮಾತ್ತಾದರೂ ಗೋಲಿಲ್ಲ. ಕೈ ಎಂದರೆ ಕಂಕುಳ ಕೆಳಗಂಚಿನ ಮಟ್ಟದಿಂದ ಕೆಳಗೆ, ಭುಜ ಕೈಯಲ್ಲ.

ಫ್ರೀ ಕಿಕ್‌ನಲ್ಲಿ ಎರಡು ಬಗೆ. ಡೈರೆಕ್ಟ್ ಆದರೆ ನೇರ ಗೋಲಿಗೆ ಹೊಡೆಯಬಹುದು. ಇನ್‌ಡೈರೆಕ್ಟ್ ಆದರೆ ಇನ್ನೊಬ್ಬ ಆಟಗಾರನಿಗೆ ತಾಗಿದ ಮೇಲೆಯೇ ಗೋಲು. ಆ ವ್ಯತ್ಯಾಸ ಗೊತ್ತಾಗುವುದು ರೆಫ್ರಿಯ ಕೈಯಿಂದ: ಇನ್‌ಡೈರೆಕ್ಟ್‌ಗೆ ಒಂದು ಕೈ ತಲೆಯ ಮೇಲೆ ನೆಟ್ಟಗೆ. ಕೈಯೆತ್ತಲು ಮರೆಯುವುದು ಹೊಸಬರ ಅತಿ ಸಾಮಾನ್ಯ ತಪ್ಪುಗಳಲ್ಲಿ ಒಂದು.

## ಆಫ್‌ಸೈಡ್: ಜಾಗ ಬೇರೆ, ತಪ್ಪು ಬೇರೆ

ಪಕ್ಕದವರ ಅಡಿಕೆ ತೋಟದಲ್ಲಿ ನಿಂತರೆ ಕಳ್ಳತನವಲ್ಲ. ಗೊನೆಗೆ ಕೈ ಹಾಕಿದರೆ ಕಳ್ಳತನ. ಆಫ್‌ಸೈಡ್ ಹಾಗೆಯೇ. ಎದುರಾಳಿಯ ಅರ್ಧದಲ್ಲಿ, ಚೆಂಡಿಗಿಂತಲೂ ಎದುರಾಳಿಯ ಕೊನೆಯಿಂದ ಎರಡನೆಯವನಿಗಿಂತಲೂ ಗೋಲ್ ಗೆರೆಗೆ ಹತ್ತಿರ ತಲೆ, ಮೈ ಅಥವಾ ಪಾದದ ಯಾವುದೇ ಭಾಗ ಇದ್ದರೆ ಅದು ಆಫ್‌ಸೈಡ್ ಜಾಗ. ಕೈಗಳು ಲೆಕ್ಕಕ್ಕಿಲ್ಲ. ಸಾಮಾನ್ಯವಾಗಿ ಕೊನೆಯವನು ಗೋಲಿ ಆಗಿರುವುದರಿಂದ ಕೊನೆಯ ಡಿಫೆಂಡರನ್ನು ನೋಡಿದರೆ ಸಾಕೆಂಬ ರೂಢಿ ಬಂದಿದೆ. ಗೋಲಿ ಮುಂದೆ ಓಡಿಬಂದ ದಿನ ಆ ರೂಢಿ ಕೈಕೊಡುತ್ತದೆ.

ಆ ಜಾಗದಲ್ಲಿದ್ದವನು ಚೆಂಡು ಆಡಿದರೆ, ಎದುರಾಳಿಗೆ ಅಡ್ಡಿಯಾದರೆ, ಇಲ್ಲವೇ ಕಂಬಕ್ಕೋ ಗೋಲ್‌ಕೀಪರನಿಗೋ ಬಡಿದು ಬಂದ ಚೆಂಡಿನ ಲಾಭ ಪಡೆದರೆ ಮಾತ್ರ ತಪ್ಪು. ಥ್ರೋ, ಗೋಲ್ ಕಿಕ್, ಕಾರ್ನರ್‌ನಿಂದ ನೇರ ಚೆಂಡು ಬಂದರೆ ಆಫ್‌ಸೈಡ್ ಇಲ್ಲವೇ ಇಲ್ಲ.

ಎಡವಟ್ಟಾಗುವುದು ಗಳಿಗೆಯ ವಿಷಯದಲ್ಲಿ. ಜೊತೆಗಾರ ಚೆಂಡಿಗೆ ಕಾಲು ತಾಗಿಸಿದ ಕ್ಷಣವೇ ಲೆಕ್ಕ, ಇವನಿಗೆ ಚೆಂಡು ತಲುಪಿದ ಕ್ಷಣವಲ್ಲ. ಕಾಲು ತಾಗಿದಾಗ ಮನಸ್ಸಿನಲ್ಲೊಂದು ಫೋಟೋ ತೆಗೆದಿಟ್ಟುಕೊಂಡು, ಚೆಂಡು ಯಾರಿಗೆ ಹೋಯಿತೆಂದು ನೋಡಿದ ಮೇಲೆ ಆ ಫೋಟೋ ತೆರೆಯಬೇಕು. ಫಾರ್ವರ್ಡ್ ಸೆಕೆಂಡಿಗೆ 6 ಮೀಟರ್ ಓಡುತ್ತ, ಡಿಫೆಂಡರ್ ಅಷ್ಟೇ ವೇಗದಲ್ಲಿ ಎದುರು ದಿಕ್ಕಿಗೆ ಬರುತ್ತಿದ್ದರೆ ಅರ್ಧ ಸೆಕೆಂಡಿನಲ್ಲೇ ಇಬ್ಬರ ನಡುವೆ 6 ಮೀಟರ್ ಅಂತರ ಬಿದ್ದಿರುತ್ತದೆ. ಗ್ಯಾಲರಿಗೆ ಕಾಣುವುದು ಆಮೇಲಿನ ಚಿತ್ರ. ಕೂಗು ಏಳುವುದೂ ಅದಕ್ಕೇ.

## ಎಲ್ಲಿ ನಿಲ್ಲಬೇಕು

ಮೂವರು ಅಧಿಕಾರಿಗಳಿದ್ದರೆ ರೆಫ್ರಿ ಒಂದು ಮೂಲೆಯಿಂದ ಎದುರು ಮೂಲೆಗೆ ಓರೆಯಾಗಿ ಓಡುತ್ತಾನೆ. ಸಹಾಯಕರಿಬ್ಬರು (ಹಳೆಯ ಮಾತಿನಲ್ಲಿ ಲೈನ್ಸ್‌ಮನ್) ಉಳಿದ ಎರಡು ಮೂಲೆಗಳ ಕಡೆಯ ಅರ್ಧರ್ಧ ಗೆರೆ ನೋಡಿಕೊಳ್ಳುತ್ತಾರೆ. ಆಟ ಯಾವಾಗಲೂ ರೆಫ್ರಿ ಮತ್ತು ಆ ಕಡೆಯ ಸಹಾಯಕನ ನಡುವೆ ಇರಬೇಕು. ಎರಡು ಕಡೆಯಿಂದ ನಾಲ್ಕು ಕಣ್ಣು ಬಿದ್ದರೆ ಮರೆಯಾಗುವುದು ಕಡಿಮೆ.

ಈಗ ಒಂದು ದೃಶ್ಯ ಹತ್ತಿರದಿಂದ ನೋಡೋಣ. ಫಾರ್ವರ್ಡ್ ಚೆಂಡು ತೆಗೆದುಕೊಂಡು ಓಡುತ್ತಿದ್ದಾನೆ, ಡಿಫೆಂಡರ್ ಪಕ್ಕದಿಂದ ಕಾಲು ಹಾಕುತ್ತಾನೆ, ಫಾರ್ವರ್ಡ್ ಬೀಳುತ್ತಾನೆ. ಕಾಲು ಚೆಂಡಿಗೆ ಮೊದಲು ತಾಗಿತೋ ಮೊಣಕಾಲಿಗೋ? ರೆಫ್ರಿ ಇಬ್ಬರ ನೇರ ಹಿಂದೆ ಇದ್ದರೆ ಅವನಿಗೆ ಕಾಣುವುದು ಎರಡು ಬೆನ್ನು. 5 ಮೀಟರ್ ಹತ್ತಿರ ಇದ್ದರೂ ಅಷ್ಟೇ. ಅದೇ ಅವನು ನಾಲ್ಕು ಹೆಜ್ಜೆ ಪಕ್ಕಕ್ಕೆ ಸರಿದಿದ್ದರೆ 15 ಮೀಟರ್ ದೂರದಿಂದಲೂ ಚೆಂಡು, ಕಾಲು, ಮೊಣಕಾಲು ಮೂರರ ನಡುವೆ ಬೆಳಕು ಕಾಣುತ್ತಿತ್ತು. ದೂರಕ್ಕಿಂತ ಕೋನ ಮುಖ್ಯ ಎಂದು ತರಬೇತುದಾರರು ಹೇಳುವುದು ಇದನ್ನೇ. ಇದನ್ನು ಅಭ್ಯಾಸ ಮಾಡಲು, ಇಬ್ಬರು ಮೈದಾನದ ಒಂದು ಕಡೆ ಸೆಣಸುವಾಗ ಇನ್ನೊಬ್ಬರು 10, 15, 20 ಮೀಟರ್‌ಗಳಲ್ಲಿ ಹಿಂದೆ ಮತ್ತು ಪಕ್ಕದಲ್ಲಿ ನಿಂತು ನೋಡಿ, ಕಂಡದ್ದನ್ನು ಹೇಳಬೇಕು. ಅರ್ಧ ಗಂಟೆಯ ಈ ಅಭ್ಯಾಸ ಹತ್ತು ಪುಟ ಓದಿದ್ದಕ್ಕಿಂತ ಹೆಚ್ಚು ಕಲಿಸುತ್ತದೆ.

ಊರ ಆಟದಲ್ಲಿ ಸಹಾಯಕರು ಸಿಗುವುದು ಅಪರೂಪ. ಎರಡು ತಂಡದಿಂದ ಒಬ್ಬೊಬ್ಬರ ಕೈಗೆ ಬಾವುಟ ಕೊಡುತ್ತಾರೆ. ಅವರಿಂದ ಚೆಂಡು ಗೆರೆ ದಾಟಿತೇ ಎಂಬುದಷ್ಟನ್ನೇ ಕೇಳಿ. ಆಫ್‌ಸೈಡ್, ಫೌಲ್ ಕೇಳಬೇಡಿ. ಚೆಂಡು ಪೂರ್ತಿಯಾಗಿ ದಾಟಿರಬೇಕು, ಗೆರೆಯ ಮೇಲಿದ್ದರೆ ಒಳಗೇ ಎಂದು ಮೊದಲೇ ಹೇಳಿಡಿ. ಒಬ್ಬರೇ ಇದ್ದಾಗ ಓಟದ ದಾರಿಯೂ ಬದಲಾಗುತ್ತದೆ: ದಾಳಿ ಶುರುವಾಗುತ್ತಿದ್ದಂತೆ ಪಕ್ಕಕ್ಕೆ ಅಗಲವಾಗಿ ಸರಿದು ಕೊನೆಯಿಂದ ಎರಡನೆಯ ಎದುರಾಳಿಗೆ ಆದಷ್ಟು ಸಮನಾಗಬೇಕು. ಚೆಂಡಿನಿಂದ ಸ್ವಲ್ಪ ದೂರವಾಗುತ್ತೀರಿ. ಆಫ್‌ಸೈಡ್ ಕಾಣಬೇಕಾದರೆ ಆ ಬೆಲೆ ಕೊಡಲೇಬೇಕು.

ಕಾರ್ನರ್‌ನಲ್ಲಿ ಚೆಂಡು ನೋಡುವುದು ವ್ಯರ್ಥ. ಅದು ಎಲ್ಲಿದೆ ಎಂದು ಎಲ್ಲರಿಗೂ ಗೊತ್ತು. ಪೆನಾಲ್ಟಿ ಏರಿಯಾದ (ಗೋಲಿನ ಮುಂದೆ ಗೆರೆ ಎಳೆದ ದೊಡ್ಡ ಆಯತ) ಅಂಚಿನಲ್ಲಿ ಓರೆಗೆ ನಿಂತು ಗುಂಪಿನ ಕೈಗಳನ್ನು ನೋಡಿ. ಚೆಂಡು ಒದೆಯುವ ಮೊದಲೇ ಒಬ್ಬ ಇನ್ನೊಬ್ಬನ ಅಂಗಿ ಎಳೆದರೆ ಪೆನಾಲ್ಟಿ ಕೊಡುವಂತಿಲ್ಲ, ಏಕೆಂದರೆ ಚೆಂಡಿನ್ನೂ ಆಟದಲ್ಲಿಲ್ಲ. ಎಚ್ಚರಿಸಬಹುದು, ಬೇಕಾದರೆ ಕಾರ್ಡ್ ತೋರಿಸಬಹುದು, ಕಾರ್ನರ್ ಮತ್ತೆ ಕಾರ್ನರೇ. ಜನ ಕೂಗುತ್ತಾರೆ. ಕೂಗಲಿ.

## ಸೀಟಿ ಕೈಯಲ್ಲಿರಲಿ

ಸೀಟಿಯನ್ನು ಬಾಯಲ್ಲಿ ಕಚ್ಚಿಕೊಂಡು ಓಡುವವರು ಬೇಗ ಊದಿಬಿಡುತ್ತಾರೆ. ಕೈಯಲ್ಲಿದ್ದರೆ ಬಾಯಿಗೆ ಬರುವಷ್ಟರಲ್ಲಿ ಒಂದು ಕ್ಷಣ ಸಿಗುತ್ತದೆ, ಆ ಕ್ಷಣದಲ್ಲಿ ಅಡ್ವಾಂಟೇಜ್ ಇದೆಯೇ ಎಂದು ತಿಳಿಯುತ್ತದೆ. ಅಡ್ವಾಂಟೇಜ್ ಎಂದರೆ ಫೌಲ್ ಆದರೂ ತೊಂದರೆಗೊಳಗಾದ ತಂಡಕ್ಕೆ ಆಟ ಮುಂದುವರಿಯುವುದೇ ಲಾಭವಾದರೆ ಬಿಟ್ಟುಬಿಡುವುದು. ಕೆಲವೇ ಸೆಕೆಂಡಿನಲ್ಲಿ ಆ ಲಾಭ ಕೈಗೆ ಬರದಿದ್ದರೆ ಹಿಂದಿನ ಫೌಲ್‌ಗೇ ಸೀಟಿ ಊದಬಹುದು.

ಥ್ರೋ, ಗೋಲ್ ಕಿಕ್, ಸ್ಪಷ್ಟವಾದ ಗೋಲಿಗೆ ಸೀಟಿ ಬೇಕಿಲ್ಲ. ಎಲ್ಲದಕ್ಕೂ ಊದಿದರೆ ಬೇಕಾದಾಗ ಯಾರೂ ಕೇಳುವುದಿಲ್ಲ. ಸಾಧಾರಣ ಫೌಲ್‌ಗೆ ಚಿಕ್ಕದಾಗಿ, ಪೆನಾಲ್ಟಿಗೆ ಜೋರಾಗಿ ಉದ್ದಕ್ಕೆ ಊದುವುದನ್ನು ಮನೆಯಿಂದ ದೂರ ಹೋಗಿ ಅಭ್ಯಾಸ ಮಾಡಿ.

ಮಾತಿನ ಅಭ್ಯಾಸವೂ ಬೇಕು. ತೀರ್ಪು ಕೊಟ್ಟ ಕೂಡಲೇ ಆರು ಜನ ಸುತ್ತುಗಟ್ಟಿದರೆ ಆರು ಜನಕ್ಕೂ ಉತ್ತರಿಸಬೇಡಿ. "ಕ್ಯಾಪ್ಟನ್, ನೀವೊಬ್ರೇ ಬನ್ನಿ. ಉಳಿದವ್ರು ಅಲ್ಲೇ ಇರ್ಲಿ" ಎಂದು ಒಮ್ಮೆ ಹೇಳಿ, ಅವರಿಗೆ ಒಂದೇ ವಾಕ್ಯದಲ್ಲಿ ಕಾರಣ ತಿಳಿಸಿ. ನಾಯಕನ ಜೊತೆ ಮಾತ್ರ ಮಾತು ಎಂಬ ಈ ಪದ್ಧತಿಗೆ ಐಫ್ಯಾಬ್‌ನ ಮಾರ್ಗಸೂಚಿಯೇ ಇದೆ. ತಪ್ಪಾಯಿತೆಂದು ಗೊತ್ತಾದರೆ ಆಟ ಮತ್ತೆ ಶುರುವಾಗುವ ಮೊದಲು ಬದಲಾಯಿಸಬಹುದು. ಶುರುವಾದ ಮೇಲೆ ಇಲ್ಲ. ಆ ತಪ್ಪನ್ನು ಸರಿದೂಗಿಸಲು ಇನ್ನೊಂದು ಕಡೆಗೆ ಒಂದು ಫೌಲ್ ದಾನ ಮಾಡಿದರೆ ತಪ್ಪು ಎರಡಾಗುತ್ತದೆ.

## ಓಟ

ಫಿಫಾ ಮಟ್ಟದ ಪುರುಷ ರೆಫ್ರಿಗಳ ಪರೀಕ್ಷೆ ಹೀಗಿದೆ: 40 ಮೀಟರನ್ನು ತಲಾ 6 ಸೆಕೆಂಡಿನೊಳಗೆ ಆರು ಸಲ ಓಡಬೇಕು, ಆಮೇಲೆ 75 ಮೀಟರ್ ಓಟ 15 ಸೆಕೆಂಡಿನಲ್ಲಿ, 25 ಮೀಟರ್ ನಡಿಗೆ 18 ಸೆಕೆಂಡಿನಲ್ಲಿ, ಹೀಗೆ 40 ಸುತ್ತು. ಒಟ್ಟು 4 ಕಿಲೋಮೀಟರ್, 22 ನಿಮಿಷ. ಊರ ರೆಫ್ರಿಗೆ ಇಷ್ಟು ಬೇಕಿಲ್ಲ, ಆದರೆ ಕ್ರಮ ಇದೇ ಒಳ್ಳೆಯದು. ಪಂದ್ಯದಲ್ಲೂ ಓಟ, ನಡಿಗೆ ಹೀಗೆಯೇ ಬದಲಾಗುತ್ತಿರುತ್ತದೆ.

400 ಮೀಟರ್ ಟ್ರ್ಯಾಕಿನಲ್ಲಿ ಒಂದು ಸುತ್ತಿಗೆ ನಾಲ್ಕು ಓಟ, ನಾಲ್ಕು ನಡಿಗೆ. ಮೊದಲ ವಾರ 75 ಮೀಟರಿಗೆ 20 ಸೆಕೆಂಡ್, ನಡಿಗೆಗೆ 25 ಸೆಕೆಂಡ್ ಇಟ್ಟು ಮೂರು ಸುತ್ತು ಹಾಕಿ, ವಾರಕ್ಕೆ ಮೂರು ದಿನ. ಪ್ರತಿ ವಾರ ಒಂದು ಸುತ್ತು ಏರಿಸಿದರೆ ಎಂಟನೇ ವಾರಕ್ಕೆ ಹತ್ತು. ಆಮೇಲೆ ಸಮಯ ಇಳಿಸಿ. ಹಿಮ್ಮುಖ ಓಟ, ಅಡ್ಡ ಓಟವನ್ನೂ ಸೇರಿಸಿಕೊಳ್ಳಿ, ಗೋಲ್ ಕಿಕ್‌ ಹೊತ್ತಿಗೆ ಬೆನ್ನು ತಿರುಗಿಸಿ ಓಡುವಂತಿಲ್ಲ. ಘಾಟಿಯ ಟಾರು ರಸ್ತೆಯಲ್ಲಿ ಇಳಿಜಾರಿಗೆ ಓಡುವ ಚಪಲ ಬೇಡ, ಮಂಡಿ ಹೋಗುತ್ತದೆ.

## ಆಟಕ್ಕೆ ಮುಂಚಿನ ಮುಕ್ಕಾಲು ಗಂಟೆ

ಮೊದಲು ಗೋಲ್ ಕಂಬ. ಕೈಯಿಂದ ಅಲ್ಲಾಡಿಸಿ ನೋಡಿ. ನೆಲಕ್ಕೆ ಭದ್ರವಾಗಿ ಕೂರದ ಕಬ್ಬಿಣದ ಗೋಲು ಮಗುಚಿಬಿದ್ದರೆ ಜೀವವೇ ಹೋದೀತು. ಬಿದಿರು, ಅಡಿಕೆ ಮರದ ಕಂಬವಾದರೆ ಸಿಬಿರು ಎದ್ದಿದೆಯೇ ನೋಡಬೇಕು. ಮೇಲಿನ ಅಡ್ಡಪಟ್ಟಿಯ ಬದಲು ಹಗ್ಗ ಕಟ್ಟುವುದನ್ನು ನಿಯಮ ಸ್ಪಷ್ಟವಾಗಿ ಬೇಡ ಎನ್ನುತ್ತದೆ. ಪೂರ್ಣ ಗಾತ್ರದ ಗೋಲು 7.32 ಮೀಟರ್ ಅಗಲ, 2.44 ಮೀಟರ್ ಎತ್ತರ. ಪೆನಾಲ್ಟಿ ಚುಕ್ಕೆ 11 ಮೀಟರ್. ಫ್ರೀ ಕಿಕ್‌ಗೆ ಎದುರಾಳಿಗಳು 9.15 ಮೀಟರ್ ದೂರ. ಆ 9.15 ನಿಮ್ಮ ಎಷ್ಟು ಹೆಜ್ಜೆ ಎಂದು ಟೇಪು ಹಿಡಿದು ಒಮ್ಮೆ ಎಣಿಸಿಟ್ಟುಕೊಳ್ಳಿ.

ಗೆರೆಗೆ ನೀರು ಹಾಕದ ಸುಟ್ಟ ಸುಣ್ಣ ಬಳಸಿದ್ದರೆ ಆಟ ಶುರು ಮಾಡಬೇಡಿ. ಬಿದ್ದವನ ಕಣ್ಣಿಗೆ, ಗಾಯಕ್ಕೆ ಹೋದರೆ ಸುಡುತ್ತದೆ. ಚಾಕ್ ಪುಡಿ ಸಾಕು.

ದೊಡ್ಡವರ ಚೆಂಡು 5ನೇ ಸೈಜ್: ಸುತ್ತಳತೆ 68ರಿಂದ 70 ಸೆಂಟಿಮೀಟರ್, ತೂಕ 410ರಿಂದ 450 ಗ್ರಾಂ. ಆಟಗಾರರ ಮೈಮೇಲೆ ಉಂಗುರ, ಓಲೆ, ಸರ, ಕೈಬಳೆ ಇರಬಾರದು. ಟೇಪ್ ಸುತ್ತಿ ಮುಚ್ಚಿದರೂ ನಡೆಯುವುದಿಲ್ಲ. ಕಣಕಾಲಿಗೆ ಶಿನ್ ಗಾರ್ಡ್ ಕಡ್ಡಾಯ, ಅದರ ಮೇಲೆ ಸಾಕ್ಸ್. ಒಂದು ಕಡೆ ಏಳಕ್ಕಿಂತ ಕಡಿಮೆ ಆಟಗಾರರಿದ್ದರೆ ಹನ್ನೊಂದರ ಆಟ ಶುರುವಾಗುವಂತಿಲ್ಲ.

## ಮಳೆ, ಮಿಂಚು, ಉಂಬಳ

ಒಳಗೆ ಗುಂಡು ಉರುಳುವ ಹಳೇ ಸೀಟಿ ಮಳೆಗೆ ಒದ್ದೆಯಾದರೆ ಗುಂಡು ಅಂಟಿಕೊಂಡು ಸ್ವರ ನಿಲ್ಲುತ್ತದೆ. ಗುಂಡಿಲ್ಲದ ಸೀಟಿ ತೆಗೆದುಕೊಳ್ಳಿ, ಎರಡು ಇಟ್ಟುಕೊಳ್ಳಿ. ಒದ್ದೆ ಕಾಗದದ ಮೇಲೆ ಬಾಲ್ ಪೆನ್ ಬರೆಯುವುದಿಲ್ಲ, ಪೆನ್ಸಿಲ್ ಬರೆಯುತ್ತದೆ.

ಮೈದಾನ ಆಡಲು ತಕ್ಕುದೇ ಎಂದು ಚೆಂಡನ್ನೇ ಕೇಳಬೇಕು. ಎರಡು ಗೋಲ್ ಬಾಯಿ, ನಡು ಭಾಗ, ನಾಲ್ಕು ಮೂಲೆಗಳಲ್ಲಿ ಭುಜದೆತ್ತರದಿಂದ ಚೆಂಡು ಬಿಡಿ, ಆಮೇಲೆ ನೆಲದ ಮೇಲೆ ಉರುಳಿಸಿ. ಪುಟಿಯದೆ ಕೂತುಬಿಟ್ಟರೆ, ಉರುಳಿದ್ದು ನೀರಿನಲ್ಲಿ ನಿಂತರೆ ಕಾಯಿರಿ ಅಥವಾ ಮುಂದೂಡಿ. ಮಂಜಿಗೂ ಸರಳ ಪರೀಕ್ಷೆಯಿದೆ: ಒಂದು ಗೋಲಿನಲ್ಲಿ ನಿಂತರೆ ಇನ್ನೊಂದು ಕಾಣಬೇಕು.

ಏಪ್ರಿಲ್, ಮೇ ತಿಂಗಳ ಸಂಜೆಯ ಗುಡುಗು ಮಳೆ ಇನ್ನೂ ಅಪಾಯ. ಮಿಂಚು ಕಂಡು 30 ಸೆಕೆಂಡಿನೊಳಗೆ ಗುಡುಗು ಕೇಳಿದರೆ ಸಿಡಿಲು ಸುಮಾರು 10 ಕಿಲೋಮೀಟರ್ ಒಳಗಿದೆ ಎಂದರ್ಥ. ಆಟ ನಿಲ್ಲಿಸಿ, ಎಲ್ಲರನ್ನೂ ಶಾಲೆ ಕಟ್ಟಡದೊಳಗೋ ಬಸ್ಸಿನೊಳಗೋ ಕಳಿಸಿ. ಸಿಲ್ವರ್ ಓಕ್ ಮರದ ಕೆಳಗಲ್ಲ, ಶಾಮಿಯಾನದ ಕೆಳಗೂ ಅಲ್ಲ. ಕೊನೆಯ ಗುಡುಗಿನಿಂದ 30 ನಿಮಿಷ ಕಾಯಬೇಕು. ಮಧ್ಯೆ ಮತ್ತೆ ಗುಡುಗಿದರೆ ಎಣಿಕೆ ಮೊದಲಿನಿಂದ.

ಉಂಬಳದ (ಜಿಗಣೆ) ವಿಷಯಕ್ಕೆ ನಗಬೇಡಿ. ರಕ್ತ ಸುರಿಯುತ್ತಿರುವ ಆಟಗಾರ ಮೈದಾನದಿಂದ ಹೊರಗೆ ಹೋಗಬೇಕು, ರಕ್ತ ನಿಂತಿದೆ, ಬಟ್ಟೆಯಲ್ಲೂ ಇಲ್ಲ ಎಂದು ರೆಫ್ರಿಗೆ ಖಾತ್ರಿಯಾಗಿ ಸನ್ನೆ ಸಿಕ್ಕ ಮೇಲೆಯೇ ಒಳಗೆ ಬರಬೇಕು. ಉಂಬಳ ಕಚ್ಚುವಾಗ ರಕ್ತ ಹೆಪ್ಪುಗಟ್ಟದಂತೆ ಮಾಡುವ ಹಿರುಡಿನ್ ಎಂಬ ವಸ್ತುವನ್ನು ಬಿಡುತ್ತದೆ. ಹಾಗಾಗಿ ಚಿಕ್ಕ ಗಾಯವೂ ಬಹಳ ಹೊತ್ತು ಒಸರುತ್ತದೆ. ಮಳೆಗಾಲದ ಆಟಕ್ಕೆ ಹತ್ತಿ, ಬ್ಯಾಂಡೇಜು, ಬದಲಿ ಸಾಕ್ಸ್ ತರಲು ತಂಡಗಳಿಗೆ ಮೊದಲೇ ಹೇಳಿ.

ದನ, ನಾಯಿ ನುಗ್ಗಿದರೆ? ಆಟಕ್ಕೆ ಅಡ್ಡಿಯಾದರೆ ಮಾತ್ರ ನಿಲ್ಲಿಸಿ, ಡ್ರಾಪ್ ಬಾಲ್‌ನಿಂದ, ಅಂದರೆ ಚೆಂಡನ್ನು ನೀವೇ ನೆಲಕ್ಕೆ ಬಿಟ್ಟು, ಶುರು ಮಾಡಿ. ಗೋಲಿಗೆ ಹೋಗುತ್ತಿದ್ದ ಚೆಂಡನ್ನು ಹಸು ತಡೆದರೆ ಗೋಲಿಲ್ಲ. ಹಸುವಿಗೆ ತಾಗಿಯೂ ಒಳಗೆ ಹೋಯಿತು, ಡಿಫೆಂಡರನಿಗೆ ಅದರಿಂದ ಅಡ್ಡಿಯಾಗಲಿಲ್ಲ ಎಂದಾದರೆ ಗೋಲು.

## ಕಾರ್ಡು ಮತ್ತು ಬರಹ

ಕಾರ್ಡಿನ ಕಲ್ಪನೆ ಇಂಗ್ಲೆಂಡಿನ ರೆಫ್ರಿ ಕೆನ್ ಆಸ್ಟನ್‌ಗೆ ಹೊಳೆದದ್ದು ಟ್ರಾಫಿಕ್ ಸಿಗ್ನಲ್ ನೋಡಿ. ವಿಶ್ವಕಪ್‌ಗೆ ಬಂದದ್ದು 1970ರಲ್ಲಿ. ಹಳದಿ ಎದೆಯ ಜೇಬಿನಲ್ಲಿ, ಕೆಂಪು ಚಡ್ಡಿಯ ಹಿಂಜೇಬಿನಲ್ಲಿ ಇಟ್ಟುಕೊಂಡರೆ ಅವಸರದಲ್ಲಿ ಅದಲು ಬದಲಾಗುವುದಿಲ್ಲ. ಕಾರ್ಡ್ ತೋರಿಸಿದೊಡನೆ, ಆಟ ಮತ್ತೆ ಶುರುವಾಗುವ ಮೊದಲು, ತಂಡ, ಅಂಗಿ ಸಂಖ್ಯೆ, ನಿಮಿಷ, ಕಾರಣ ನಾಲ್ಕನ್ನೂ ಬರೆಯಬೇಕು. 2006ರ ವಿಶ್ವಕಪ್‌ನ ಕ್ರೊಯೇಷಿಯಾ–ಆಸ್ಟ್ರೇಲಿಯಾ ಪಂದ್ಯದಲ್ಲಿ ರೆಫ್ರಿ ಗ್ರಹಾಂ ಪೋಲ್, ಕ್ರೊಯೇಷಿಯಾದ 3ನೇ ಸಂಖ್ಯೆಯ ಯೊಸಿಪ್ ಶಿಮುನಿಚ್‌ಗೆ ಮೂರು ಹಳದಿ ಕಾರ್ಡ್ ತೋರಿಸಿದ ಮೇಲೆಯೇ ಹೊರಗೆ ಕಳಿಸಿದ್ದು, ಎರಡನೆಯದಕ್ಕೇ ಕಳಿಸಬೇಕಿತ್ತು. ಒಂದು ಕಾರ್ಡನ್ನು ಆಸ್ಟ್ರೇಲಿಯಾದ 3ನೇ ಸಂಖ್ಯೆಯವನ ಹೆಸರಿಗೆ ಬರೆದುಕೊಂಡಿದ್ದರು. ವಿಶ್ವಕಪ್‌ ರೆಫ್ರಿಗೇ ಹೀಗಾಗುತ್ತದೆ. ನಮ್ಮಲ್ಲಿ ಎರಡೂ ತಂಡದ ಅಂಗಿ ಒಂದೇ ಬಣ್ಣ, ಸಂಖ್ಯೆ ಅರ್ಧ ಕಿತ್ತುಹೋಗಿರುತ್ತದೆ.

## ಕೋರ್ಸು, ಮೊದಲ ಪಂದ್ಯ

ದೇಶದಲ್ಲಿ ಫುಟ್‌ಬಾಲ್ ನೋಡಿಕೊಳ್ಳುವುದು 1937ರಲ್ಲಿ ಶುರುವಾದ ಅಖಿಲ ಭಾರತ ಫುಟ್‌ಬಾಲ್ ಫೆಡರೇಷನ್. ರಾಜ್ಯದಲ್ಲಿ ಬೆಂಗಳೂರಿನ ಕರ್ನಾಟಕ ರಾಜ್ಯ ಫುಟ್‌ಬಾಲ್ ಸಂಸ್ಥೆ. ಅಧಿಕೃತ ರೆಫ್ರಿಯಾಗಲು ಆರಂಭಿಕ ಕೋರ್ಸು ಯಾವಾಗ, ವಯಸ್ಸು ಮತ್ತು ದಾಖಲೆ ಏನು ಎಂದು ಜಿಲ್ಲೆಯ ಫುಟ್‌ಬಾಲ್ ಸಂಘಟಕರ ಮೂಲಕ ಅಲ್ಲಿ ವಿಚಾರಿಸಬೇಕು. ಇಂಥ ಕೋರ್ಸುಗಳಲ್ಲಿ ಸಾಮಾನ್ಯವಾಗಿ ನಿಯಮದ ಪಾಠ, ಮೈದಾನದ ಅಭ್ಯಾಸ, ಲಿಖಿತ ಪರೀಕ್ಷೆ, ಓಟದ ಪರೀಕ್ಷೆ ಇರುತ್ತವೆ. ಲಿಖಿತ ಪ್ರಶ್ನೆಗಳು ಹೆಚ್ಚಾಗಿ "ಹೀಗಾದರೆ ಏನು ಮಾಡುತ್ತೀರಿ" ಎಂಬ ರೂಪದವು. ಉತ್ತರಕ್ಕೆ ಎರಡು ಭಾಗ: ಆಟಗಾರನಿಗೆ ಏನು ಶಿಕ್ಷೆ, ಆಟ ಮತ್ತೆ ಶುರುವಾಗುವುದು ಹೇಗೆ. ಎರಡನೆಯದನ್ನು ಬರೆಯದೆ ಅಂಕ ಕಳೆದುಕೊಳ್ಳುವವರು ಬಹಳ.

ಮೊದಲ ಪಂದ್ಯ ಫೈನಲ್ ಆಗದಿರಲಿ. 12 ವರ್ಷದೊಳಗಿನ ಮಕ್ಕಳ ಆಟದಿಂದ ಆರಂಭಿಸಿ, ಐದಾರು ಪಂದ್ಯಗಳಲ್ಲಿ ಬಾವುಟ ಹಿಡಿದು ನಿಲ್ಲಿ. ತಂಡದಲ್ಲಿ ಅಣ್ಣನ ಮಗನೋ ಭಾವನೋ ಆಡುತ್ತಿದ್ದರೆ ಸಂಘಟಕರಿಗೆ ಮೊದಲೇ ಹೇಳಿ ಆ ಪಂದ್ಯ ಬಿಟ್ಟುಬಿಡಿ. ಆಟ ಮುಗಿದ ರಾತ್ರಿ ಪೆನ್ಸಿಲ್ ಗೀಚನ್ನು ವರದಿಯಾಗಿ ತಿರುಗಿ ಬರೆಯಿರಿ: ಅಂಕ, ಗೋಲಿನ ನಿಮಿಷ, ಕಾರ್ಡು, ಗಾಯ, ಆಟ ನಿಂತದ್ದು. ಬೇರೆ ಪುಟದಲ್ಲಿ ನಿಮಗಾಗಿ, ಗಲಾಟೆಯೆದ್ದ ಮೂರು ತೀರ್ಪು ಆರಿಸಿ ಮೈದಾನದ ಚಿತ್ರ ಬರೆದು, ಚೆಂಡಿದ್ದ ಜಾಗಕ್ಕೆ ಒಂದು ಚುಕ್ಕೆ, ನೀವು ನಿಂತಿದ್ದ ಜಾಗಕ್ಕೆ ಒಂದು ಗುಣಿಸು ಗುರುತು ಹಾಕಿ. ಹತ್ತು ಪಂದ್ಯ ಆಗುವ ಹೊತ್ತಿಗೆ ಆ ಗುರುತುಗಳೆಲ್ಲ ಒಂದೇ ಕಡೆ, ಹೆಚ್ಚಾಗಿ ಆಟಗಾರರ ಬೆನ್ನ ಹಿಂದೆ, ಗುಂಪುಗಟ್ಟಿರುವುದು ಕಾಣುತ್ತದೆ. ಮುಂದಿನ ವಾರದ ಅಭ್ಯಾಸ ಆ ಜಾಗದಿಂದ ಪಕ್ಕಕ್ಕೆ ಸರಿಯುವುದು.